ಮತ ವಾರ್ಡಿನಲ್ಲಿ, ಮೇಯರ್ ಎಲ್ಲಿ? ಓದುಗರ ಪ್ರಶ್ನೆಗಳಿಗೆ ಉತ್ತರ

ಪಾಲಿಕೆ ಚುನಾವಣೆ ಮತ್ತು ಮೇಯರ್ ಆಯ್ಕೆಯನ್ನು ಕುರಿತು ಕೆಲವು ತಿಂಗಳಿಂದ ಬಂದು ಸೇರಿದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಳ್ಳಲಾಗಿದೆ. ಹೆಚ್ಚಿನವು ಬೆಂಗಳೂರಿನವು, ಒಂದು ಕಲಬುರಗಿಯದು. ಒಂದೇ ಅರ್ಥದ ಪ್ರಶ್ನೆಗಳನ್ನು ಸೇರಿಸಿ ಸಂಕ್ಷೇಪಿಸಿದ್ದೇವೆ.

ಪ್ರಶ್ನೆ: 2015ರಲ್ಲಿ ಬೆಂಗಳೂರಿನ 198 ವಾರ್ಡ್‌ಗಳಲ್ಲಿ 100ನ್ನು ಒಂದೇ ಪಕ್ಷ ಗೆದ್ದಿತು. ಆದರೂ ಮೇಯರ್ ಆದವರು ಬೇರೆ ಪಕ್ಷದವರು. ಹಾಗಾದರೆ ನಾವು ಸಾಲಿನಲ್ಲಿ ನಿಂತು ಹಾಕಿದ ಮತಕ್ಕೆ ಏನು ಬೆಲೆ? (ರಾಜಾಜಿನಗರದ ಓದುಗರು)

ನಿಮ್ಮ ಮತದಿಂದ ನೀವು ಆರಿಸಿದ್ದು ನಿಮ್ಮ ವಾರ್ಡಿನ ಕಾರ್ಪೊರೇಟರನ್ನು ಮಾತ್ರ, ಮೇಯರನ್ನಲ್ಲ. ಆಗ ಜಾರಿಯಲ್ಲಿದ್ದ 1976ರ ಕರ್ನಾಟಕ ಪೌರ ನಿಗಮಗಳ ಕಾಯಿದೆಯ ಪ್ರಕಾರ ಮೇಯರನ್ನು ಆರಿಸುವುದು ಪಾಲಿಕೆಯ ಸಭೆ. ಆ ಸಭೆಯಲ್ಲಿ ಮತ ಹಾಕುವ ಹಕ್ಕು ಕಾರ್ಪೊರೇಟರ್‌ಗಳಿಗೆ ಮಾತ್ರ ಸೀಮಿತವಾಗಿರಲಿಲ್ಲ. ನಗರವನ್ನು ಪ್ರತಿನಿಧಿಸುವ ಶಾಸಕರು ಮತ್ತು ಲೋಕಸಭಾ ಸದಸ್ಯರ ಜೊತೆಗೆ, ನಗರದ ಮತದಾರರ ಪಟ್ಟಿಯಲ್ಲಿ ಹೆಸರಿರುವ ವಿಧಾನ ಪರಿಷತ್ತಿನ ಮತ್ತು ರಾಜ್ಯಸಭೆಯ ಸದಸ್ಯರಿಗೂ ಇತ್ತು. ಸರ್ಕಾರ ನಾಮಕರಣ ಮಾಡಿದ ಸದಸ್ಯರಿಗೆ ಮಾತ್ರ ಮತವಿರಲಿಲ್ಲ. ಸಂವಿಧಾನದ 243ಆರ್ ವಿಧಿಯೇ ಇಂಥ ಏರ್ಪಾಟಿಗೆ ರಾಜ್ಯಗಳಿಗೆ ಅವಕಾಶ ಕೊಟ್ಟಿದೆ.

ಈಗ 2015ರ ಲೆಕ್ಕ ನೋಡಿ. ಆಗಸ್ಟ್‌ನಲ್ಲಿ ನಡೆದ ಚುನಾವಣೆಯಲ್ಲಿ ಬಿಜೆಪಿ 100, ಕಾಂಗ್ರೆಸ್ 76, ಜೆಡಿಎಸ್ 14 ವಾರ್ಡ್ ಗೆದ್ದವು; ಉಳಿದ 8 ವಾರ್ಡ್ ಪಕ್ಷೇತರರು ಮತ್ತು ಇತರರ ಪಾಲಾದವು. ಕಾಂಗ್ರೆಸ್ ಮತ್ತು ಜೆಡಿಎಸ್ ಕೂಡಿ, ಉಳಿದ ಎಂಟೂ ಮಂದಿ ಅವರ ಕಡೆಗೇ ಬಂದರೂ ಮೊತ್ತ 98 ಮಾತ್ರ. ಆದರೆ ಮೇಯರ್ ಚುನಾವಣೆಯ ದಿನ ಮತದ ಹಕ್ಕಿದ್ದವರ ಸಂಖ್ಯೆ 198 ಅಲ್ಲ, 260. ಫಲಿತಾಂಶ ಬಂದ ದಿನದಿಂದ ಮೇಯರ್ ಆಯ್ಕೆಯ ದಿನದವರೆಗಿನ ಹದಿನೇಳು ದಿನಗಳಲ್ಲಿ ಪಕ್ಷೇತರ ಕಾರ್ಪೊರೇಟರ್‌ಗಳನ್ನು ಕೇರಳದ ರೆಸಾರ್ಟಿಗೆ ಕರೆದೊಯ್ದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದ್ದು ನಿಮಗೂ ನೆನಪಿರಬಹುದು. ಸೆಪ್ಟೆಂಬರ್ 11ರಂದು ಕಾಂಗ್ರೆಸ್ಸಿನ ಬಿ.ಎನ್. ಮಂಜುನಾಥ ರೆಡ್ಡಿ ಅವರು 131 ಮತಗಳನ್ನು ಪಡೆದು ಮೇಯರ್ ಆದರು. ಎದುರಾಳಿಗೆ ಬಂದದ್ದು 128.

ಆ ದಿನದ ವಿಧಾನವನ್ನೂ ಹೇಳಬೇಕು, ಏಕೆಂದರೆ ಬಹಳ ಮಂದಿ ಅದನ್ನು ಗುಪ್ತ ಮತದಾನವೆಂದು ತಿಳಿದಿದ್ದಾರೆ. ಹಡ್ಸನ್ ವೃತ್ತದ ಕೇಂದ್ರ ಕಚೇರಿಯಲ್ಲಿರುವ ಕೆಂಪೇಗೌಡ ಪೌರಸಭಾಂಗಣದಲ್ಲಿ ಪ್ರಾದೇಶಿಕ ಆಯುಕ್ತರು ಚುನಾವಣಾಧಿಕಾರಿಯಾಗಿ ಕುಳಿತಿರುತ್ತಾರೆ. ಒಬ್ಬ ಅಭ್ಯರ್ಥಿಯ ಹೆಸರು ಕರೆದಾಗ ಪರವಾಗಿರುವವರು ಕೈ ಎತ್ತುತ್ತಾರೆ, ಸಿಬ್ಬಂದಿ ಸಾಲಿನಿಂದ ಸಾಲಿಗೆ ನಡೆದು ಎಣಿಸುತ್ತಾರೆ, ಸಹಿ ಪಡೆಯುತ್ತಾರೆ. ಎದುರಿನ ಸಾಲಿನವರು ಎತ್ತಿದ ಕೈಗಳನ್ನು ತಾವೂ ಒಂದು ಕಣ್ಣಿನಲ್ಲಿ ಎಣಿಸುತ್ತಿರುತ್ತಾರೆ. ನಿಮ್ಮ ಕಾರ್ಪೊರೇಟರ್ ಯಾರಿಗೆ ಕೈ ಎತ್ತಿದರೆಂಬುದು ಅಲ್ಲಿ ಗುಟ್ಟಾಗಿ ಉಳಿಯುವುದಿಲ್ಲ. ಪಕ್ಷದ ಚಿಹ್ನೆಯ ಮೇಲೆ ಗೆದ್ದವರು ವಿಪ್ (ಯಾರಿಗೆ ಮತ ಹಾಕಬೇಕೆಂಬ ಪಕ್ಷದ ಆದೇಶ) ಮೀರಿ ಕೈ ಎತ್ತಿದರೆ 1987ರ ಸ್ಥಳೀಯ ಪ್ರಾಧಿಕಾರಗಳ ಪಕ್ಷಾಂತರ ನಿಷೇಧ ಕಾಯಿದೆಯಡಿ ಸದಸ್ಯತ್ವವೇ ಹೋಗಬಹುದು. ಪಕ್ಷೇತರರ ಮೇಲೆ ಯಾರ ವಿಪ್ಪೂ ನಡೆಯುವುದಿಲ್ಲ, ರೆಸಾರ್ಟಿನ ಕೋಣೆಗಳು ಮೊದಲು ಅವರಿಗಾಗಿ ಕಾಯ್ದಿರಿಸಲ್ಪಡುವುದು ಅದಕ್ಕೇ.

ನಿಮ್ಮ ಮತಕ್ಕೆ ಬೆಲೆಯಿಲ್ಲವೆಂದು ನಾನು ಹೇಳಲಾರೆ. ಆದರೆ ವಾರ್ಡಿನ ಮತಗಟ್ಟೆಯಿಂದ ಮೇಯರ್ ಕುರ್ಚಿಯವರೆಗಿನ ದಾರಿಯಲ್ಲಿ ನಿಮ್ಮ ಕೈಯಲ್ಲಿಲ್ಲದ ತಿರುವುಗಳು ಹಲವಿವೆ, ಅವುಗಳಲ್ಲಿ ಹೆಚ್ಚಿನವುಗಳ ಕೀಲಿ ರಾಜ್ಯ ಸರ್ಕಾರದ ಬಳಿ ಇರುತ್ತದೆ. ಮುಂದಿನ ಉತ್ತರಗಳಲ್ಲಿ ಅದೇ ಬೇರೆ ಬೇರೆ ವೇಷದಲ್ಲಿ ಬರುತ್ತದೆ.

ಪ್ರಶ್ನೆ: ನಮ್ಮ ನಗರದಲ್ಲಿ ಕಾರ್ಪೊರೇಟರ್‌ಗಳು ಗೆದ್ದು ಒಂದೂವರೆ ವರ್ಷವಾದರೂ ಮೇಯರ್ ಇರಲಿಲ್ಲ. ಬಳಿಕ ಹೆಚ್ಚು ವಾರ್ಡ್ ಗೆದ್ದ ಪಕ್ಷ ಒಂದು ಮತದಿಂದ ಸೋತಿತು. ಇದು ಕಾನೂನಿಗೆ ಒಪ್ಪಿತವೇ? (ಕಲಬುರಗಿಯ ಓದುಗರು)

ಒಂದು ಮತದ ಸೋಲು ಕಾನೂನಿಗೆ ಒಪ್ಪಿತ. ಒಂದೂವರೆ ವರ್ಷದ ವಿಳಂಬವನ್ನು ಒಪ್ಪಿತವೆನ್ನುವುದು ಕಷ್ಟ.

ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಕಲಬುರಗಿ ಪಾಲಿಕೆಗಳಿಗೆ ಮತದಾನ ನಡೆದದ್ದು ಒಂದೇ ದಿನ, 2021ರ ಸೆಪ್ಟೆಂಬರ್ 3ರಂದು. ಹುಬ್ಬಳ್ಳಿ-ಧಾರವಾಡಕ್ಕೆ ಮೇಯರ್ ಬಂದದ್ದು 2022ರ ಮೇ ತಿಂಗಳಲ್ಲಿ, ಬೆಳಗಾವಿಗೆ 2023ರ ಫೆಬ್ರವರಿಯಲ್ಲಿ, ಕಲಬುರಗಿಗೆ ಅದೇ ವರ್ಷದ ಮಾರ್ಚ್‌ನಲ್ಲಿ. ಮೇಯರ್ ಸ್ಥಾನ ಯಾವ ವರ್ಗಕ್ಕೆ ಮೀಸಲು ಎಂಬ ಪಟ್ಟಿಯನ್ನು ಹೊರಡಿಸುವುದು ರಾಜ್ಯ ಸರ್ಕಾರ. ಆ ಪಟ್ಟಿಯ ಗೊಂದಲ, ಅದರ ಸುತ್ತಲಿನ ವ್ಯಾಜ್ಯ, ಸಭೆ ಕರೆಯುವಲ್ಲಿನ ಉದಾಸೀನ, ಇವೆಲ್ಲ ಸೇರಿ ಗೆದ್ದವರು ಪ್ರಮಾಣವಚನಕ್ಕೂ ಕಾಯುತ್ತ ಕೂರುವಂತಾಯಿತು. ಪ್ರಮಾಣಪತ್ರ ಕೈಯಲ್ಲಿದ್ದೂ ಕಾರ್ಪೊರೇಟರ್ ಅಲ್ಲದ ಸ್ಥಿತಿ ಅದು.

ಇನ್ನು ಒಂದು ಮತದ ಮಾತು. ನಿಮ್ಮ 55 ವಾರ್ಡ್‌ಗಳಲ್ಲಿ ಕಾಂಗ್ರೆಸ್ 27, ಬಿಜೆಪಿ 23, ಜೆಡಿಎಸ್ 4 ಗೆದ್ದಿದ್ದವು, ಒಬ್ಬರು ಪಕ್ಷೇತರರು. ಕಾಂಗ್ರೆಸ್ಸಿಗೆ ವಾರ್ಡ್‌ಗಳ ಬಹುಮತಕ್ಕೆ ಒಂದೇ ಒಂದು ಸ್ಥಾನ ಕಡಿಮೆ ಬಿದ್ದಿತ್ತು. ಆದರೆ ಶಾಸಕರು, ಪರಿಷತ್ ಸದಸ್ಯರು, ಸಂಸದರು ಸೇರಿದ ಸಭೆಯಲ್ಲಿ ಬಿಜೆಪಿ 33ಕ್ಕೆ 32ರಿಂದ ಗೆದ್ದಿತು. 2015ರಲ್ಲಿ ಬೆಂಗಳೂರಿನಲ್ಲಿ ಬಿಜೆಪಿ ಯಾವುದನ್ನು ಅನ್ಯಾಯವೆಂದಿತೋ, 2023ರಲ್ಲಿ ಕಲಬುರಗಿಯಲ್ಲಿ ಕಾಂಗ್ರೆಸ್ ಅದನ್ನೇ ಅನ್ಯಾಯವೆಂದಿತು. ಎರಡು ಕಡೆಯೂ ಮುಖ್ಯ ಆಕ್ಷೇಪ ಒಂದೇ: ಪರಿಷತ್ ಸದಸ್ಯರು ಮೇಯರ್ ಚುನಾವಣೆಯ ಹೊತ್ತಿಗೆ ಸರಿಯಾಗಿ ಆ ನಗರದ ಮತದಾರರ ಪಟ್ಟಿಗೆ ಬಂದು ಸೇರುತ್ತಾರೆ ಎಂಬುದು. ಎರಡು ಪಕ್ಷಗಳೂ ಇದರ ಲಾಭ ಉಂಡಿರುವುದರಿಂದ ನಿಯಮ ಬದಲಿಸುವ ಅವಸರ ಯಾರಿಗೂ ಇದ್ದಂತೆ ಕಾಣುವುದಿಲ್ಲ.

ಪ್ರಶ್ನೆ: ಮೇಯರ್ ಅವಧಿ ಒಂದೇ ವರ್ಷ ಏಕೆ? (ಜಯನಗರದ ಓದುಗರು)

ಹೆಚ್ಚು ಸಮುದಾಯಗಳಿಗೆ, ಹೆಚ್ಚು ಬಡಾವಣೆಗಳಿಗೆ ಸರದಿ ಸಿಗಲಿ ಎಂಬುದು ಹೇಳುವ ಕಾರಣ. ಆಕಾಂಕ್ಷಿಗಳನ್ನು ಸಮಾಧಾನಪಡಿಸಲು ಪಕ್ಷಗಳಿಗೆ ಐದು ಕುರ್ಚಿ ಸಿಗುತ್ತವೆ ಎಂಬುದು ಹೇಳದ ಕಾರಣ. 2015ರಲ್ಲಿ ಬಂದ ಸಭೆಯ ಐದು ವರ್ಷಗಳಲ್ಲಿ ಮಂಜುನಾಥ ರೆಡ್ಡಿ, ಜಿ. ಪದ್ಮಾವತಿ, ಆರ್. ಸಂಪತ್ ರಾಜ್, ಗಂಗಾಂಬಿಕೆ ಮಲ್ಲಿಕಾರ್ಜುನ್ ಮತ್ತು ಎಂ. ಗೌತಮ್ ಕುಮಾರ್ ಹೀಗೆ ಐವರು ಆ ನಿಲುವಂಗಿ ತೊಟ್ಟರು. ಸೆಪ್ಟೆಂಬರ್‌ನಲ್ಲಿ ಅಧಿಕಾರ ವಹಿಸಿಕೊಂಡವರು ಸನ್ಮಾನ, ಹಾರ-ತುರಾಯಿ ಮುಗಿಸಿ ಕಡತ ಬಿಚ್ಚುವಷ್ಟರಲ್ಲಿ ವರ್ಷದ ಕೊನೆ ಬಂದಿರುತ್ತದೆ. ಮಾರ್ಚ್ ಆಸುಪಾಸಿನಲ್ಲಿ ಬಜೆಟ್ ಮಂಡನೆಯಾಗುತ್ತದೆ, ಅದನ್ನು ಮಂಡಿಸುವುದೂ ಮೇಯರ್ ಅಲ್ಲ, ತೆರಿಗೆ ಮತ್ತು ಆರ್ಥಿಕ ಸ್ಥಾಯಿ ಸಮಿತಿಯ ಅಧ್ಯಕ್ಷರು. ಆ ಬಜೆಟ್ಟಿನ ಒಂದು ಕಾಮಗಾರಿ ಟೆಂಡರ್ ದಾಟುವ ಮೊದಲೇ ಮತ್ತೆ ಸೆಪ್ಟೆಂಬರ್. ಸ್ಥಾಯಿ ಸಮಿತಿಗಳದೂ ವರ್ಷದ ಅವಧಿಯೇ.

2020ರ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಕಾಯಿದೆ ಇದನ್ನು 30 ತಿಂಗಳಿಗೆ ಏರಿಸಿತು. ಆದರೆ ಆ ಕಾಯಿದೆಯಡಿ ಒಬ್ಬ ಮೇಯರೂ ಆಯ್ಕೆಯಾಗಲಿಲ್ಲ, ಏಕೆಂದರೆ ಚುನಾವಣೆಯೇ ನಡೆಯಲಿಲ್ಲ. ಅದರ ಜಾಗಕ್ಕೆ ಬಂದ ಗ್ರೇಟರ್ ಬೆಂಗಳೂರು ಆಡಳಿತ ಕಾಯಿದೆಯಲ್ಲೂ ಅವಧಿ 30 ತಿಂಗಳು. ಬೇರೆ ನಗರಗಳಿಗೆ ಅನ್ವಯಿಸುವ 1976ರ ಕಾಯಿದೆ ರೂಪಿಸಿದ್ದು ಒಂದು ವರ್ಷದ ಸರದಿಯನ್ನೇ.

ಪ್ರಶ್ನೆ: 2020ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಪಾಲಿಕೆಯ ಅವಧಿ ಮುಗಿಯಿತು. ಐದು ವರ್ಷ ಕಳೆದರೂ ಹೊಸ ಸಭೆ ಬರಲಿಲ್ಲ. ಸಂವಿಧಾನದಲ್ಲಿ ಇದಕ್ಕೆ ತಡೆ ಇಲ್ಲವೇ? (ಯಲಹಂಕದ ಓದುಗರು, ಇದೇ ಅರ್ಥದ ಇನ್ನೂ ಹಲವು ಪತ್ರಗಳು)

ಇದೆ, ಅದೂ ಸ್ಪಷ್ಟ ಮಾತಿನಲ್ಲಿ. 74ನೇ ತಿದ್ದುಪಡಿಯ ಮೂಲಕ 1993ರಲ್ಲಿ ಜಾರಿಗೆ ಬಂದ 243ಯು ವಿಧಿಯ ಪ್ರಕಾರ ಪಾಲಿಕೆಯ ಅವಧಿ ಮೊದಲ ಸಭೆಗೆ ಗೊತ್ತುಪಡಿಸಿದ ದಿನದಿಂದ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ. ಆ ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಪೂರ್ಣಗೊಂಡಿರಬೇಕು. ನಡುವೆ ವಿಸರ್ಜನೆಯಾದರೆ ಆರು ತಿಂಗಳೊಳಗೆ ಚುನಾವಣೆ ಆಗಬೇಕು. ಅಹಮದಾಬಾದ್ ಪಾಲಿಕೆಗೆ ಸಂಬಂಧಿಸಿದ ಕಿಶನ್ ಸಿಂಗ್ ತೋಮರ್ ಪ್ರಕರಣದಲ್ಲಿ 2006ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಒತ್ತಿ ಹೇಳಿತ್ತು. ಮಧ್ಯಪ್ರದೇಶದ ಪ್ರಕರಣವೊಂದರಲ್ಲಿ 2022ರ ಮೇ ತಿಂಗಳಲ್ಲಿ, ವಾರ್ಡ್ ಮರುವಿಂಗಡಣೆ ಬಾಕಿಯಿದೆ ಎಂಬ ನೆಪದಲ್ಲಿ ಚುನಾವಣೆ ಮುಂದೂಡುವಂತಿಲ್ಲ ಎಂದಿತು.

ಹಾಗಿದ್ದರೂ ಬೆಂಗಳೂರಿನಲ್ಲಿ ಏನಾಯಿತು? 2020ರ ಸೆಪ್ಟೆಂಬರ್ 10ಕ್ಕೆ ಸಭೆಯ ಅವಧಿ ಮುಗಿದು ಆಡಳಿತಾಧಿಕಾರಿಯ ನೇಮಕವಾಯಿತು. ಅಷ್ಟರಲ್ಲಿ ವಾರ್ಡ್‌ಗಳನ್ನು 198ರಿಂದ 243ಕ್ಕೆ ಏರಿಸುವ ಮಾತು ಬಂದಿತ್ತು. ಡಿಸೆಂಬರ್‌ನಲ್ಲಿ ಹೈಕೋರ್ಟ್, ಇರುವ 198 ವಾರ್ಡ್‌ಗಳಿಗೇ ಚುನಾವಣೆ ನಡೆಸಿ ಎಂದಿತು. ಸರ್ಕಾರ ಮೇಲ್ಮನವಿ ಹೋಗಿ, ಅದೇ ತಿಂಗಳು ಸುಪ್ರೀಂ ಕೋರ್ಟಿನಲ್ಲಿ ಆ ಆದೇಶಕ್ಕೆ ತಡೆ ಸಿಕ್ಕಿತು. 2022ರ ಜುಲೈನಲ್ಲಿ 243 ವಾರ್ಡ್‌ಗಳ ಗಡಿ ಅಂತಿಮವಾಯಿತು, ಆಗಸ್ಟ್‌ನಲ್ಲಿ ಮೀಸಲಾತಿ ಪಟ್ಟಿ ಬಂತು, ಸೆಪ್ಟೆಂಬರ್ 30ರಂದು ಹೈಕೋರ್ಟ್ ಆ ಪಟ್ಟಿಯನ್ನು ರದ್ದುಪಡಿಸಿ, ಸರಿಪಡಿಸಿ ವರ್ಷಾಂತ್ಯದೊಳಗೆ ಚುನಾವಣೆ ಮುಗಿಸಲು ಹೇಳಿತು. ವರ್ಷ ಮುಗಿಯಿತು, ಚುನಾವಣೆ ಆಗಲಿಲ್ಲ. 2023ರಲ್ಲಿ ಸರ್ಕಾರ ಬದಲಾಗಿ ವಾರ್ಡ್‌ಗಳು 225 ಆದವು. ಆಮೇಲೆ ಪಾಲಿಕೆಯೇ ಉಳಿಯಲಿಲ್ಲ: ಗ್ರೇಟರ್ ಬೆಂಗಳೂರು ಆಡಳಿತ ಕಾಯಿದೆ 2025ರ ಮೇ 15ರಿಂದ ಜಾರಿಗೆ ಬಂದು, ಸೆಪ್ಟೆಂಬರ್ 2ರಿಂದ ಬಿಬಿಎಂಪಿಯ ಜಾಗದಲ್ಲಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ಪಾಲಿಕೆಗಳು ಬಂದವು. ವಾರ್ಡ್‌ಗಳು 369 ಆದವು.

ಈ ಸರಣಿಯಲ್ಲಿ ಯಾವ ಸರ್ಕಾರವೂ ಎಂದೂ ಚುನಾವಣೆ ಬೇಡವೆಂದು ಹೇಳಿಲ್ಲ. ಬೇಕು ಎನ್ನುತ್ತಲೇ ಅಳತೆಗೋಲನ್ನು ಬದಲಿಸುತ್ತ ಹೋಗುವುದಕ್ಕೆ ದಾರಿಯಿದೆ. ರಾಜ್ಯ ಚುನಾವಣಾ ಆಯೋಗ ಸ್ವತಂತ್ರ ಸಂಸ್ಥೆ, ಆದರೆ ವಾರ್ಡ್ ಗಡಿ ಮತ್ತು ಮೀಸಲಾತಿ ಪಟ್ಟಿ ಸರ್ಕಾರದಿಂದ ಬರುವವರೆಗೆ ಅದು ಮತಪೆಟ್ಟಿಗೆ ಒರೆಸುತ್ತ ಕೂರಬೇಕು. ಹೆಣ್ಣು ಕೊಡುವವರು ನಾಳೆ ಬನ್ನಿ ಎಂದಷ್ಟೇ ಹೇಳುತ್ತಿದ್ದರೆ ಗಂಡಿನ ಕಡೆಯವರಿಗೆ ಇಲ್ಲವೆನ್ನಿಸಿಕೊಂಡ ನೋವೂ ಇರುವುದಿಲ್ಲ, ಮದುವೆಯೂ ಆಗುವುದಿಲ್ಲ.

ಇದು ಮೊದಲ ಸಲವೂ ಅಲ್ಲ. 100 ವಾರ್ಡ್‌ಗಳ ಹಳೆಯ ಮಹಾನಗರ ಪಾಲಿಕೆಯ ಅವಧಿ 2006ರ ನವೆಂಬರ್‌ನಲ್ಲಿ ಮುಗಿದಿತ್ತು. ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ 2007ರಲ್ಲಿ ಬೃಹತ್ ಪಾಲಿಕೆ ಮಾಡಿದ್ದರಿಂದ ಮುಂದಿನ ಮತದಾನ 2010ರ ಮಾರ್ಚ್ 28ಕ್ಕೆ ಹೋಯಿತು. 2015ರಲ್ಲಿ ಪಾಲಿಕೆಯನ್ನು ಮೂರಾಗಿ ಒಡೆಯುವ ಪ್ರಸ್ತಾಪ ಎದ್ದು, ಕೋರ್ಟು ಕಚೇರಿ ಸುತ್ತಿ, ಏಪ್ರಿಲ್‌ನಲ್ಲಿ ಆಗಬೇಕಿದ್ದದ್ದು ಆಗಸ್ಟ್‌ಗೆ ಬಂತು. ಆ ನಾಲ್ಕು ತಿಂಗಳಿಗೇ ನಾವು ಆಗ ಗೊಣಗಿದ್ದೆವು. ನಗರ ದೊಡ್ಡದಾಗುವಾಗಲೂ ಚುನಾವಣೆ ತಪ್ಪಿತು, ಒಡೆಯುವಾಗಲೂ ತಪ್ಪಿತು.

ಪ್ರಶ್ನೆ: ನಮ್ಮ ಬೀದಿಯ ಎಡಮಗ್ಗುಲು ಒಂದು ವಾರ್ಡ್, ಬಲಮಗ್ಗುಲು ಇನ್ನೊಂದು. ಇಂಥ ಗೆರೆ ಎಳೆಯುವವರು ಯಾರು? (ನಾಗರಭಾವಿಯ ಓದುಗರು)

ಗೆರೆ ಗುರುತಿಸಬಲ್ಲ ವಸ್ತುವಿನ ಮೇಲೆ ಹೋಗಬೇಕೆಂಬುದರಿಂದ ಅದು ರಸ್ತೆ, ರಾಜಕಾಲುವೆ, ರೈಲು ಹಳಿಗಳನ್ನು ಹಿಡಿದು ಸಾಗುತ್ತದೆ. ಬೀದಿ ಇಬ್ಭಾಗವಾಗುವುದು ಹೀಗೆ. ಜನಸಂಖ್ಯೆ ಹೆಚ್ಚುಕಡಿಮೆ ಸಮನಾಗಿರಬೇಕು, ಆದರೆ ಆ ಜನಸಂಖ್ಯೆ 2011ರ ಜನಗಣತಿಯದು. ಆಗ ಬಿಬಿಎಂಪಿ ವ್ಯಾಪ್ತಿಯಲ್ಲಿದ್ದವರು 84 ಲಕ್ಷಕ್ಕೆ ಸ್ವಲ್ಪ ಮೇಲೆ. ಅದನ್ನು 369ರಿಂದ ಭಾಗಿಸಿದರೆ ವಾರ್ಡಿಗೆ ಸುಮಾರು 23 ಸಾವಿರ, 198ರಿಂದ ಭಾಗಿಸಿದರೆ 42 ಸಾವಿರಕ್ಕೂ ಮೇಲೆ. ಆ ಗಣತಿಯ ನಂತರ ಎದ್ದ ಅಪಾರ್ಟ್‌ಮೆಂಟ್‌ಗಳಿರುವ ಹೊರವಲಯದ ವಾರ್ಡ್‌ಗಳಲ್ಲಿ ಕಾಗದದ ಸಮಾನತೆಗೂ ಬೀದಿಯ ದಟ್ಟಣೆಗೂ ಹೊಂದಿಕೆಯಿಲ್ಲ. ಪಶ್ಚಿಮ ಪಾಲಿಕೆಗೆ 112 ವಾರ್ಡ್, ಐಟಿ ಕಂಪನಿಗಳು ಕಿಕ್ಕಿರಿದ ಪೂರ್ವ ಪಾಲಿಕೆಗೆ 50 ಮಾತ್ರ ಬಂದಿರುವುದನ್ನು ಓದುವಾಗ ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಕರಡು ಪ್ರಕಟವಾದಾಗ ಆಕ್ಷೇಪಣೆಗೆ ಕೆಲವು ದಿನಗಳ ಅವಕಾಶವಿರುತ್ತದೆ. ಅದರಲ್ಲಿ ನಕ್ಷೆಗಿಂತ ಮುಖ್ಯವಾದದ್ದು ಚೆಕ್ಕುಬಂದಿಯ ಪಟ್ಟಿ: ಉತ್ತರಕ್ಕೆ ಇಂಥ ರಸ್ತೆ, ಪೂರ್ವಕ್ಕೆ ಇಂಥ ಮೋರಿ ಎಂದು ಬರೆದಿರುತ್ತದೆ. ಹಿಂದೊಮ್ಮೆ ಅಂಥ ಪಟ್ಟಿಯನ್ನು ಕೈಯಲ್ಲಿ ಹಿಡಿದು ನಮ್ಮ ವಾರ್ಡಿನ ಗಡಿ ಸುತ್ತಲು ಹೊರಟಿದ್ದೆ. ಅದರಲ್ಲಿದ್ದ ಹಿಟ್ಟಿನ ಗಿರಣಿ ರಸ್ತೆಯನ್ನು ಯಾರೂ ಕೇಳಿರಲಿಲ್ಲ. ಕೊನೆಗೆ ಹೂ ಮಾರುವ ಅಜ್ಜಿಯೊಬ್ಬರು ಎದುರಿನ ನಾಲ್ಕಂತಸ್ತಿನ ಕಟ್ಟಡವನ್ನು ತೋರಿಸಿ, ಗಿರಣಿ ಅಲ್ಲಿತ್ತು ಎಂದರು. ಆಕ್ಷೇಪಣೆ ಬರೆಯುವುದಾದರೆ ಹೀಗೆ ನಡೆದು ನೋಡಿ, ಮನೆ ಸಂಖ್ಯೆಗಳ ಸಮೇತ ಬರೆಯಿರಿ. ಬೀದಿ ಒಡೆದಿದೆ ಎಂಬ ಒಂದು ಸಾಲಿನ ಅರ್ಜಿ ಕಡತದಲ್ಲೇ ಉಳಿಯುತ್ತದೆ.

ಪ್ರಶ್ನೆ: ಕಾರ್ಪೊರೇಟರ್ ಆಗಿ ನಿಲ್ಲಲು ಕನಿಷ್ಠ ವಯಸ್ಸೆಷ್ಟು? (ಹೆಸರಘಟ್ಟ ರಸ್ತೆಯ ವಿದ್ಯಾರ್ಥಿ)

21. ಶಾಸಕರಾಗಲು 25 ಬೇಕು, ಪಾಲಿಕೆಗೆ ಬೇಡ.

ಪ್ರಶ್ನೆ: ನ್ಯೂಯಾರ್ಕ್‌ನಲ್ಲಿರುವ ನನ್ನ ಮಗಳು ಅಲ್ಲಿನ ಮೇಯರನ್ನು ಜನರೇ ಆರಿಸುತ್ತಾರೆ ಎನ್ನುತ್ತಾಳೆ. ನಮ್ಮಲ್ಲೂ ಹಾಗೆ ಮಾಡಿದರೆ ರೋಗ ವಾಸಿಯಾಗದೇ? (ಮಲ್ಲೇಶ್ವರದ ಓದುಗರು)

ನಿಮ್ಮ ಮಗಳು ಹೇಳಿದ್ದು ಸರಿ. ನ್ಯೂಯಾರ್ಕ್‌ನ ಮತದಾರರು ಮೇಯರನ್ನು ನಾಲ್ಕು ವರ್ಷಕ್ಕೆ ನೇರವಾಗಿ ಆರಿಸುತ್ತಾರೆ, 51 ಸದಸ್ಯರ ನಗರ ಸಭೆಯನ್ನು ಬೇರೆಯಾಗಿ ಆರಿಸುತ್ತಾರೆ. 2025ರ ನವೆಂಬರ್‌ನಲ್ಲಿ ಜೊಹ್ರಾನ್ ಮಮ್ದಾನಿ ಗೆದ್ದದ್ದು ಹೀಗೆಯೇ. ಆದರೆ ಅಲ್ಲಿ ಮೇಯರ್‌ಗೆ ಸಿಗುವುದು ಕುರ್ಚಿಯಷ್ಟೇ ಅಲ್ಲ: ಪೊಲೀಸ್ ಆಯುಕ್ತರನ್ನು ನೇಮಿಸುವುದು ಅವರೇ, ನಗರದ ಬಜೆಟ್ ರೂಪಿಸುವುದೂ ಅವರೇ.

ನೇರ ಚುನಾವಣೆಗೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಉತ್ತರ ಪ್ರದೇಶದಲ್ಲಿ ಮೇಯರ್‌ಗಳನ್ನು ಜನರೇ ಆರಿಸುತ್ತಾರೆ, ಆದರೆ ಕಾರ್ಯಾಂಗದ ಅಧಿಕಾರ ಸರ್ಕಾರ ನೇಮಿಸಿದ ಆಯುಕ್ತರ ಬಳಿಯೇ ಉಳಿದಿದೆ. ಮಧ್ಯಪ್ರದೇಶ, ತಮಿಳುನಾಡು, ಛತ್ತೀಸಗಢಗಳು ಒಮ್ಮೆ ನೇರ, ಒಮ್ಮೆ ಪರೋಕ್ಷ ಎಂದು ಸರ್ಕಾರ ಬದಲಾದಂತೆ ವಿಧಾನ ಬದಲಿಸಿವೆ. ಪಟ್ಟ ಕಟ್ಟಿ ಬೀಗದ ಕೈ ಕೊಡದಿದ್ದರೆ, ಪಟ್ಟ ಕಟ್ಟಿದವರು ಹತ್ತು ಮಂದಿಯೋ ಹತ್ತು ಲಕ್ಷ ಮಂದಿಯೋ ಎಂಬುದರಿಂದ ಹೆಚ್ಚು ವ್ಯತ್ಯಾಸವಾಗದು.

ಬೆಂಗಳೂರಿನಲ್ಲಿ ಕುಡಿಯುವ ನೀರು ಜಲಮಂಡಳಿಯದು, ಬಡಾವಣೆ ಬಿಡಿಎಯದು, ಬಸ್ಸು ಬಿಎಂಟಿಸಿಯದು, ವಿದ್ಯುತ್ ಬೆಸ್ಕಾಂನದು, ಸಂಚಾರ ಪೊಲೀಸರು ಗೃಹ ಇಲಾಖೆಯವರು. ಮೇಯರ್‌ಗೆ ಇವರಲ್ಲಿ ಯಾರನ್ನೂ ವರ್ಗ ಮಾಡುವ ಅಧಿಕಾರವಿರಲಿಲ್ಲ. ಈಗ ಇವರೆಲ್ಲರನ್ನೂ ಒಂದು ಮೇಜಿಗೆ ತರಲು ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದಿದೆ. ಅದರ ತಲೆಯ ಮೇಲಿರುವವರು ಮುಖ್ಯಮಂತ್ರಿ, ಐದು ಮೇಯರ್‌ಗಳಿಗೆ ಅದರಲ್ಲಿ ಸದಸ್ಯರ ಸ್ಥಾನ. ನನ್ನ ಮಟ್ಟಿಗೆ ನೇರ ಚುನಾವಣೆಗಿಂತ ಮೊದಲು ಕೇಳಬೇಕಾದದ್ದು ಎರಡು: ಮೇಯರ್‌ಗೆ ಐದು ವರ್ಷದ ಅವಧಿ, ಮತ್ತು ಆಯುಕ್ತರು ಸಭೆಗೆ ಉತ್ತರದಾಯಿಯಾಗುವಂಥ ಕಟ್ಟು. ಇದನ್ನು ಒಪ್ಪದವರೂ ಇದ್ದಾರೆ. ಜನರಿಂದ ನೇರವಾಗಿ ಗೆದ್ದವರು ಅಧಿಕಾರವನ್ನು ಕಿತ್ತು ಪಡೆಯಬಲ್ಲರು ಎಂಬುದು ಅವರ ವಾದ. ಅದರಲ್ಲಿ ಹುರುಳಿಲ್ಲವೆನ್ನಲಾರೆ.

ಪ್ರಶ್ನೆ: ಶಾಸಕರಿದ್ದಾರೆ, ಅಧಿಕಾರಿಗಳಿದ್ದಾರೆ. ಕಾರ್ಪೊರೇಟರ್ ಇಲ್ಲದ ವರ್ಷಗಳಲ್ಲಿ ನಾವು ಕಳೆದುಕೊಂಡದ್ದಾದರೂ ಏನು? (ಕೆ.ಆರ್. ಪುರದ ಓದುಗರು)

ದೊಡ್ಡದನ್ನು ಮೊದಲು ಹೇಳುವುದಾದರೆ, ಸಾವಿರಾರು ಕೋಟಿ ರೂಪಾಯಿಯ ಬಜೆಟ್‌ಗಳು ಸಭೆಯಲ್ಲಿ ಒಂದು ಪ್ರಶ್ನೆಯನ್ನೂ ಎದುರಿಸದೆ ಅಧಿಕಾರಿಗಳ ಸಹಿಯಿಂದ ಅಂಗೀಕಾರವಾದವು. ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾಗಿದ್ದ ಸಭೆಯೊಂದು ಇಲ್ಲವಾಯಿತು. ಆ ಮೀಸಲಾತಿಯಿಂದ ರಾಜಕೀಯಕ್ಕೆ ಬಂದು ಎರಡನೆಯ ಬಾರಿಗೆ ನಿಲ್ಲಬಹುದಾಗಿದ್ದ ಎಷ್ಟೋ ಹೆಣ್ಣುಮಕ್ಕಳು ಈ ನಡುವೆ ಮನೆಗೆ ಮರಳಿರಬೇಕು.

ಚಿಕ್ಕದು ನಿಮಗೇ ಗೊತ್ತಿರುವುದು. ಬೀದಿದೀಪ ಕೆಟ್ಟರೆ ಶಾಸಕರ ಮನೆ ಬಾಗಿಲಿಗೆ ಹೋಗುವುದು ಎಲ್ಲರಿಂದಲೂ ಆಗದ ಕೆಲಸ, ಅವರ ಕ್ಷೇತ್ರದಲ್ಲಿ ಲಕ್ಷಗಟ್ಟಲೆ ಮತದಾರರಿರುತ್ತಾರೆ. ಕಾರ್ಪೊರೇಟರ್ ಬೆಳಗ್ಗೆ ಹಾಲಿನ ಬೂತಿನ ಎದುರು ಸಿಗುತ್ತಿದ್ದರು. ಅವರು ಕೆಲಸ ಮಾಡಿಕೊಡದಿದ್ದರೂ, ಬೂತಿನವನು ನಾಲ್ಕು ಮಂದಿಯ ಎದುರು ಅವರನ್ನು ಹಿಡಿದು ನಿಲ್ಲಿಸಿ ಕೇಳಬಹುದಾಗಿತ್ತು.